ಕೆಳಗಿನ ಓಣಿಯ ನೀರು ಎಲ್ಲಿಗೆ ಹೋಗಬೇಕು?

ಮುಗಿಲು ಕಪ್ಪಾಯಿತೆಂದರೆ ಕೆಂಪದಿನ್ನಿಯ ಮೇಲಿನ ಓಣಿಯವರು ಅಂಗಳಕ್ಕೆ ಬಂದು, ಮುಖ ಮೇಲೆತ್ತಿ ನಗುತ್ತಾರೆ. ಕೆಳಗಿನ ಓಣಿಯವರು ಸಲಿಕೆ ಹುಡುಕುತ್ತಾರೆ. ಊರು ಒಂದೇ, ಮಳೆ ಒಂದೇ, ಪಂಚಾಯಿತಿಯೂ ಒಂದೇ. ಆದರೆ ಮೇಲಿನ ಓಣಿಯ ನೀರು, ಅಕ್ಕಿ ಗಿರಣಿಯ ಅಂಗಳದ ನೀರು, ಶಾಲೆಯ ಬಯಲಿನ ನೀರು ಎಲ್ಲವೂ ಕೊನೆಗೆ ಬಂದು ಕಾಲು ಚಾಚಿ ಕೂರುವುದು ಕೆಳಗಿನ ಓಣಿಯಲ್ಲಿ. ಅದರಲ್ಲೂ ವೀರಭದ್ರಮ್ಮನ ಮನೆಯ ಮುಂದೆ.

ಪೋತ್ನಾಳದ ಕಡೆಯಿಂದ ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಈ ಊರು ಕಾಣುವುದೇ ಇಲ್ಲ. ಕಾಣುವುದು ಭತ್ತದ ಗದ್ದೆ, ಗಿರಣಿಯ ಹೊಗೆ. ಕೆಳಗಿನ ಓಣಿ ಅಂತೂ ಪಂಚಾಯಿತಿಯವರಿಗೇ ಕಾಣುವುದಿಲ್ಲ, ಇನ್ನು ಬಸ್ಸಿನವರನ್ನು ಅಂದು ಏನು ಪ್ರಯೋಜನ?

ಆ ದಿನ ಬೆಳಗ್ಗೆಯೇ ವೀರಭದ್ರಮ್ಮ ಸಲಿಕೆ ಹಿಡಿದಿದ್ದಳು. ಗಿರಣಿಯಿಂದ ತಂದ ಹೊಟ್ಟಿನ ಚೀಲಗಳನ್ನು ಬಾಗಿಲ ಮುಂದೆ ಸಾಲಾಗಿ ಒಟ್ಟಿ, ಮೇಲೆ ಮಣ್ಣು ಬಡಿದು ವಡ್ಡು ಹಾಕುತ್ತಿದ್ದಳು. ಗದ್ದೆಗೆ ವಡ್ಡು ಹಾಕಿ ಪಳಗಿದ ಕೈ, ಬಾಗಿಲಿಗೆ ಹಾಕಲು ಬರುವುದಿಲ್ಲವೆ? ಈ ಓಣಿಯಲ್ಲಿ ಎಲ್ಲರೂ ಮಾಡುವುದು ಇದನ್ನೇ. ಮಳೆ ಬಂತೆಂದರೆ ಅವರವರ ಬಾಗಿಲಿಗೆ ಅವರವರ ವಡ್ಡು. ತಮ್ಮ ಮುಂದಿನ ನೀರನ್ನು ಪಕ್ಕದ ಮನೆಗೆ ಅಟ್ಟುವುದು. ಪಕ್ಕದವರು ಅವರ ಪಕ್ಕಕ್ಕೆ ಅಟ್ಟುವುದು. ಕಟ್ಟಕಡೆಯ ಮನೆಯವರು ಎಲ್ಲಿಗೆ ಅಟ್ಟಬೇಕು ಎಂದು ಒಬ್ಬರಾದರೂ ಕೇಳಬೇಕಲ್ಲ? ಇಲ್ಲ.

ಕಟ್ಟಕಡೆಯ ಮನೆ ಸುಗ್ರಾ ಬೇಗಂ ಅವರದು. ವೀರಭದ್ರಮ್ಮನ ಮಗ್ಗುಲ ಮನೆ.

"ವೀರವ್ವಾ, ಆ ವಡ್ಡು ಒಡಿ! ಮಳಿ ಬಂದ್ರ ನಿನ್ನ ನೀರು ಪೂರಾ ನನ್ನ ಮನಿ ಹೊಗತದ!" ಸುಗ್ರಾ ಬೇಗಂ ಕಟ್ಟೆಯ ಮೇಲೆ ನಿಂತು ಕೂಗಿದಳು.

"ನೀರಿನ ಮ್ಯಾಲೆ ನನ್ನ ಹೆಸರು ಬರದದೇನು? ಮ್ಯಾಲಿಂದ ಬರತದ. ಹೋಗಿ ಮ್ಯಾಲಿನವರಿಗೆ ಕೇಳು!"

"ಮ್ಯಾಲಿನವರಿಗೆ ಕೇಳಿದ್ರ ದೇವರಿಗೆ ಕೇಳು ಅಂತಾರ!"

"ಹಂಗಾದ್ರ ದೇವರಿಗೇ ಕೇಳು, ನನ್ನ ತಲಿ ಯಾಕ ತಿಂತಿ?"

ಹೀಗೆ ಹರಿಹಾಯುವ ಇವರಿಬ್ಬರು ಮೊದಲು ಹೇಗಿದ್ದರು ಗೊತ್ತೆ? ಎರಡು ಮನೆಗೂ ನಡುವೆ ಇರುವುದು ಒಂದೇ ಮಣ್ಣಿನ ಗೋಡೆ. ಆ ಗೋಡೆಯಲ್ಲಿ ಕೈ ತೂರುವಷ್ಟು ಒಂದು ಕಿಂಡಿ. ಈ ಕಡೆಯಿಂದ ಪುಂಡಿಪಲ್ಯ ಹೋದರೆ ಆ ಕಡೆಯಿಂದ ಹಬ್ಬದ ಶಾವಿಗೆ ಪಾಯಸ ಬರುತ್ತಿತ್ತು. ವೀರಭದ್ರಮ್ಮನ ಮಗ ಉಮೇಶ ಚಿಕ್ಕವನಿದ್ದಾಗ ಅವ್ವ ಹೊಡೆಯಲು ಬಂದರೆ ಆ ಕಿಂಡಿಗೆ ಬಾಯಿಟ್ಟು "ಸುಗ್ರಾ ಚಿಗವ್ವಾ" ಎಂದು ಕೂಗುತ್ತಿದ್ದ. ಹೋದ ವರ್ಷದ ಮಳೆಗಾಲದಲ್ಲಿ ಇದೇ ನೀರಿನ ಜಗಳ ಬಾಯಿಯಿಂದ ಕೈಗೆ ಬಂತು. ಸುಗ್ರಾ ಬೇಗಂ ಹೋಗಿ ವಡ್ಡು ತುಳಿದಳು, ವೀರಭದ್ರಮ್ಮ ಬಂದು ಕಿಂಡಿಗೆ ಇಟ್ಟಂಗಿ ಇಟ್ಟು ಮಣ್ಣು ಮೆತ್ತಿದಳು. ಅಲ್ಲಿಗೆ ಪಲ್ಯವೂ ನಿಂತಿತು, ಪಾಯಸವೂ ನಿಂತಿತು. ನಿಲ್ಲದೆ ಬಂದದ್ದು ನೀರು ಮಾತ್ರ.

ಈಗ ಆ ಗೋಡೆಗೆ ಹತ್ತಿಕೊಂಡೇ ಬಾಣಂತಿಯ ಮಂಚ. ಉಮೇಶನ ಹೆಂಡತಿ ಸ್ವಪ್ನಾಳ ತವರು ದೇವದುರ್ಗ ಕಡೆಯ ಅರಕೇರಾ. ಅವಳ ತಂದೆತಾಯಿ ದುಡಿಯಲು ದೂರದ ಊರಿಗೆ ಹೋದದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ ನಡೆದಿತ್ತು. ಹೆಣ್ಣು ಕೂಸು. ವೀರಭದ್ರಮ್ಮನಿಗೆ ಅದರ ಮೇಲೆ ಎಷ್ಟು ಜೀವವೆಂದರೆ, ಅದು ಸೀನಿದರೆ ಇವಳಿಗೆ ಜ್ವರ ಬರುತ್ತಿತ್ತು.

ಬಾಣಂತಿಯನ್ನು ನೋಡಲು ಆಶಾ ಕಾರ್ಯಕರ್ತೆ ಸವಿತಾ ಬಂದಳು. ಕೂಸನ್ನು ತೂಗಿದಳು, ಹಾಲು ಕುಡಿಯುತ್ತದೆಯೇ ಎಂದು ಕೇಳಿದಳು. ಆಮೇಲೆ ಮಂಚದ ಹಿಂದಿನ ಗೋಡೆಯನ್ನು ಮುಟ್ಟಿದಳು. ಬೆರಳು ಒಳಗೆ ಇಳಿಯಿತು.

"ದೊಡ್ಡವ್ವಾ, ಈ ಗೋಡಿ ಮುಟ್ಟಿ ನೋಡೀರೇನು? ನಾದಿದ ಹಿಟ್ಟು ಆಗ್ಯಾದ!"

"ವರ್ಷಾ ಹಿಂಗ ನೆನಿತದ, ಬ್ಯಾಸಿಗ್ಯಾಗ ಒಣಗತದ. ನಮ್ಮ ಮಾವ ಕಟ್ಟಿದ ಗೋಡಿ ಯವ್ವಾ ಅದು."

"ಮಾವ ಕಟ್ಟಿದಾಗ ಇಲ್ಲಿ ನೀರು ನಿಲ್ತಿತ್ತೇನು? ಮೊದಲು ಮಂಚ ಆ ಕಡಿ ಸರಸ್ರಿ."

"ಆ ಕಡಿ ಬಾಗಲ ಅದ, ಗಾಳಿ ಹೊಡಿತದ. ಹಸಿ ಬಾಣಂತಿಗೆ ಗಾಳಿ ಬಡಿಸಿ ಏನು ಮಾಡ್ಲಿ? ಕುಳ್ಳಿನ ಕೆಂಡ ಇಡೂದು ಇಲ್ಲೇ, ಮಂಚ ಇರೂದೂ ಇಲ್ಲೇ."

ಸವಿತಾ ಹಣೆ ಒತ್ತಿಕೊಂಡಳು. "ಹೋಗ್ಲಿ, ನೀರು ನಿಲ್ಲೂದು ಪಂಚಾಯತಿಗೆ ಹೇಳೀರಿಲ್ಲೋ?"

"ಹೇಳದ ಇರತೀನೇನು? ಮೆಂಬರ್ ಕೊಟ್ರೇಶಗ ಹೇಳಿ ಹೇಳಿ ಬಾಯಿ ಒಣಗ್ಯಾದ. 'ಮಳಿ ನಾನು ಸುರಸ್ತೀನೇನಬೇ' ಅಂದ. ಇನ್ನೊಮ್ಮಿ ಹೇಳಿದ್ರ, 'ಮನಿ ಎತ್ತರ ಮಾಡಿ ಕಟ್ಕೊಳ್ರಿ' ಅಂದ. ಮನಿ ಏನು ಜೋಳದ ಚೀಲ ಆಗ್ಯಾದೇನು, ಎತ್ತಿ ಇಡಾಕ?"

ಮೂಲೆಯಲ್ಲಿ ಅವಳ ಗಂಡ ಗಡಿಗೆಪ್ಪ ಚಹಾ ಕುಡಿಯುತ್ತ ಕೂತಿದ್ದ. ಊರಿನ ಅರ್ಧ ಗದ್ದೆಗಳಿಗೆ ನೀರು ಕಟ್ಟುವವನು ಅವನೇ. ಗದ್ದೆಯಲ್ಲಿ ಯಾರಾದರೂ ಒಂದು ಗೇಣು ವಡ್ಡು ಸರಿಸಿದರೆ ಊರೆಲ್ಲ ಕೇಳುವ ಹಾಗೆ ಬೈಯುವ ಮನುಷ್ಯ. ಮನೆ ಮುಂದೆ ಕೆರೆ ನಿಂತರೂ ತುಟಿ ಪಿಟಕ್ ಅನ್ನುತ್ತಿರಲಿಲ್ಲ. ಸವಿತಾ ಅವನ ಕಡೆಗೇ ತಿರುಗಿದಳು.

"ಕಾಕಾ, ಗದ್ದ್ಯಾಗ ಮ್ಯಾಲಿನ ಮಡಿ ನೀರು ಎಲ್ಲಿಗೆ ಬಿಡ್ತೀರಿ?"

"ಕೆಳಗಿನ ಮಡಿಗೆ."

"ಕಟ್ಟಕಡೀ ಮಡಿ ನೀರು?"

"ಬಸಿಗಾಲುವಿಗೆ. ಬಸಿಗಾಲುವಿ ಮುಚ್ಚಿದ್ರ ನೆಲ್ಲು ಕೊಳಿತದ. ಇದನ್ನೇನು ಕೇಳ್ತಿಬೇ?"

"ಮತ್ತ ಈ ಓಣಿಗೆ ಬಸಿಗಾಲುವಿ ಎಲ್ಲಿ ಅದ?"

ಗಡಿಗೆಪ್ಪ ಚಹಾದ ಬಸಿ ಕೆಳಗಿಟ್ಟ. "ಮೊದಲು ಗಟಾರ ಇತ್ತು. ಆಚಿ ಹಳ್ಳಕ್ಕ ಹೋಗತಿತ್ತು. ಸಿಸಿ ರಸ್ತಾ ಎತ್ತರ ಮಾಡಿ ಹಾಕಿದ್ರಲ್ಲ, ಗಟಾರದ ಬಾಯಿ ಅದರ ಬುಡಕ್ಕ ಮುಚ್ಚಿ ಹೋತು."

"ಮುಚ್ಚಿದ್ದು ಯಾರು?"

"ಪಂಚಾಯತಿ."

"ತೆಗೀಬೇಕಾದವರು?"

"ಅದು... ಸರ್ಕಾರದ್ದು ಯವ್ವಾ. ನಮ್ಮಂಥವರು ಹೇಳಿದ್ರ ಆಗತದೇನು?"

ಸವಿತಾಳಿಗೆ ತಡೆಯಲಾಗಲಿಲ್ಲ. "ಸರ್ಕಾರ, ಸರ್ಕಾರ! ಸರ್ಕಾರ ಅಂದ್ರ ಬೆಂಗಳೂರಾಗ ಕುಂತದೇನು? ಈ ಕೆಲಸದ ಮಟ್ಟಿಗೆ ಹಳ್ಳ್ಯಾಗ ಸರ್ಕಾರ ಅಂದ್ರ ಗ್ರಾಮ ಪಂಚಾಯತಿ. ಮಾನ್ವಿ, ದೇವದುರ್ಗದಾಗ ಪುರಸಭೆ. ರಾಯಚೂರಾಗ ಮಹಾನಗರ ಪಾಲಿಕೆ. ಮಳಿ ದೇವರು ಕೊಡ್ತಾನ, ಖರೆ. ಬಿದ್ದ ನೀರಿಗೆ ದಾರಿ ಮಾಡೂದು ಅವರ ಕೆಲಸ. ಗಟಾರ ಕಟ್ಟೂದು, ಹೂಳು ತೆಗಿಯೂದು, ಎಲ್ಲರ ನೀರೂ ಹಳ್ಳಕ್ಕ ಮುಟ್ಟೂ ಹಂಗ ನೋಡ್ಕೊಳ್ಳೂದು. ನಿಮಗ ಉಪಕಾರ ಮಾಡೂದಲ್ಲ ಅದು, ಅವರು ಮಾಡಲೇಬೇಕಾದ ಕೆಲಸ!"

"ಹೇಳಿದೆನಲ್ಲ ಯವ್ವಾ, ಆ ಕೊಟ್ರೇಶಗ—" ಎಂದು ವೀರಭದ್ರಮ್ಮ ನಡುವೆ ಬಾಯಿ ಹಾಕಿದಳು.

"ದಾರ್ಯಾಗ ಒಬ್ಬರೇ ನಿಂತು ಹೇಳಿದ್ರ ಅವರೂ ದಾರ್ಯಾಗ ಮರೀತಾರ. ಇದೇ ವಾರ ಗ್ರಾಮಸಭಿ ಅದ. ಓಣಿ ಪೂರಾ ಬರ್ರಿ. ಎಲ್ಲರ ಮುಂದ ಕೇಳ್ರಿ, ನಡಾವಳ್ಯಾಗ ಬರಸ್ರಿ, ಬರದದ್ದು ಓದಿ ಹೇಳಸ್ಕೊಳ್ರಿ. ಆವಾಗ ಇಲ್ಲ ಅನ್ನಾಕ ಬರಂಗಿಲ್ಲ."

"ಓಣಿ ಪೂರಾ?" ವೀರಭದ್ರಮ್ಮ ಮೂಗು ಮುರಿದಳು. "ಈ ಓಣಿಯವರು ಒಂದು ಕಡಿ ಕೂಡ್ತಾರ? ನಾನು ಆ ಸುಗ್ರಾನ ಮಗ್ಗಲಾಗ ಹೋಗಿ ಕೂಡಬೇಕಾ? ನನಗ ನಿನ್ನ ಸಭಿ ಬ್ಯಾಡ, ನನ್ನ ವಡ್ಡು ಸಾಕು."

ಇಂಥವರಿಗೆ ಏನು ಹೇಳೋಣ! ಸವಿತಾ ಮಂಚ ಸರಿಸಿ ಎಂದು ಇನ್ನೊಮ್ಮೆ ಹೇಳಿ, ಸೀರೆ ಎತ್ತಿಕಟ್ಟಿಕೊಂಡು ಹೋದಳು. ಗಡಿಗೆಪ್ಪ ಗದ್ದೆಗೆ ಹೋದ. ಮಂಚ ಇದ್ದಲ್ಲೇ ಇತ್ತು.

ಮಧ್ಯಾಹ್ನ ಮಳೆ ಬಂತು. ಅದೇನು ಮಳೆಯೋ! ಎದುರು ಮನೆ ಕಾಣದ ಹಾಗೆ ಸುರಿಯಿತು. ವೀರಭದ್ರಮ್ಮ ಗಾಳಿ ಬರದಿರಲೆಂದು ಬಾಗಿಲಿಗೆ ಅಗಳಿ ಹಾಕಿ, ಸಂದಿಯಿಂದ ನೋಡಿದಳು. ವಡ್ಡು ಗಟ್ಟಿಯಾಗಿ ನಿಂತಿತ್ತು. ಒಂದು ಹನಿ ಒಳಗೆ ಬಂದಿರಲಿಲ್ಲ. "ನೋಡು, ನನ್ನ ಕೈ ಕೆಲಸ" ಎಂದು ಸೊಸೆಗೆ ಹೇಳಿ, ಬಾಣಂತಿಗೆ ಹೊಗೆಯಾಗಲೆಂದು ಕೆಂಡಕ್ಕೆ ಅಜಿವಾನದ ಕಾಳು ಹಾಕಿದಳು. ಕೂಸು ಮಲಗಿತ್ತು. ಸ್ವಪ್ನಾಳಿಗೂ ಜೊಂಪು ಹತ್ತಿತ್ತು.

ಆಗ ಗೋಡೆಯ ಆ ಕಡೆಯಿಂದ ಕುಟ್ಟುವ ಸದ್ದು ಕೇಳಿತು. ಸುಗ್ರಾ ಬೇಗಂ ಏನೋ ಕೂಗುತ್ತಿದ್ದಳು. ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮಾತು ತಿಳಿಯಲಿಲ್ಲ. ತಿಳಿಯುವುದೇನಿದೆ? ವಡ್ಡು ಒಡಿ ಅನ್ನುತ್ತಾಳೆ, ಮತ್ತೇನು!

"ಕುಟ್ಕೊ, ಕುಟ್ಕೊ! ನಾ ಒಡ್ಯಂಗಿಲ್ಲ!" ಎಂದು ವೀರಭದ್ರಮ್ಮ ಇತ್ತಲಿಂದ ಕೂಗಿದಳು.

ಕುಟ್ಟುವುದು ನಿಲ್ಲಲಿಲ್ಲ. ಕಿಂಡಿಗೆ ಇಟ್ಟ ಇಟ್ಟಂಗಿ ಅಲುಗಾಡಿತು. ನೆನೆದ ಮಣ್ಣು, ಎಷ್ಟು ಹೊತ್ತು ತಡೆದೀತು? ಇಟ್ಟಂಗಿ ಜಾರಿ ಈ ಕಡೆ ಬಿತ್ತು. ಅದರ ಹಿಂದೆಯೇ ಒನಕೆಯ ತುದಿ ಬಂತು, ಆಮೇಲೆ ಸುಗ್ರಾ ಬೇಗಂಳ ದನಿ ಬಂತು.

"ಯಾ ಅಲ್ಲಾ, ಕಿವುಡಾಗಿಯೇನೇ ವೀರವ್ವಾ! ಬಾಣಂತೀನ ಎಬ್ಬಿಸು! ಈ ಕಡಿ ಗೋಡಿ ಬುಡ ಕರಗಿ ಹೋಗಾಕತ್ತದ! ಕೂಸು ತಗೊಂಡು ಹೊರಗ ನಡಿ, ಜಲ್ದಿ!"

ವೀರಭದ್ರಮ್ಮ ಗಾಳಿ, ಕೆಂಡ, ಬಾಣಂತನ ಎಲ್ಲ ಮರೆತು ಕೂಸನ್ನು ಬಾಚಿಕೊಂಡಳು. ಸೊಸೆಯ ರಟ್ಟೆ ಹಿಡಿದು ಎಳೆದಳು. ಅಗಳಿ ತೆಗೆದು ಹೊರಗಿನ ಕಟ್ಟೆಗೆ ಬರುವಷ್ಟರಲ್ಲಿ ಹಿಂದಿನಿಂದ ದೊಪ್ಪನೆ ಸದ್ದಾಯಿತು. ತಿರುಗಿ ನೋಡಿದರೆ ಗೋಡೆಯಿಲ್ಲ. ಮಂಚವೂ ಇಲ್ಲ. ಮಂಚವಿದ್ದ ಜಾಗದಲ್ಲಿ ಸೊಂಟದೆತ್ತರ ಹಸಿ ಮಣ್ಣು, ಅದರ ಆಚೆ ಮೊಳಕಾಲುದ್ದ ನೀರಿನಲ್ಲಿ ಒನಕೆ ಹಿಡಿದು ನಿಂತ ಸುಗ್ರಾ ಬೇಗಂ.

ಕೂಸು ಕಿರುಚಿ ಅಳುತ್ತಿತ್ತು.

"ಇದು ನಾ ನಿಲ್ಲಿಸಿದ ನೀರು" ಎಂದಳು ವೀರಭದ್ರಮ್ಮ. "ನನ್ನ ಬಾಗಲದ ನೀರು ನಿನ್ನ ಮನಿಗೆ ಅಟ್ಟಿದೆ. ಅದು ನಿನ್ನ ಕಡಿಂದ ಬಂದು ನನ್ನ ಮೊಮ್ಮಗಳ ಗೋಡಿಗೇ ಹತ್ತಿತು. ಇಷ್ಟು ವರ್ಷ ನೆಲ್ಲು ಮಾಡಿದೀನಿ, ಇದೊಂದು ತಿಳೀಲಿಲ್ಲ ನೋಡು ಸುಗ್ರಾ."

"ಅಳೂದು ಆಮ್ಯಾಲೆ ಅಳು. ಕೂಸಿನ ತಲಿ ಮುಚ್ಚು ಮೊದಲು" ಎಂದು ಸುಗ್ರಾ ಬೇಗಂ ತನ್ನ ದುಪಟ್ಟಾ ಎಸೆದಳು. ಸಂಜೆ ಗದ್ದೆಯಿಂದ ಓಡೋಡಿ ಬಂದ ಗಡಿಗೆಪ್ಪ ಬಿದ್ದ ಗೋಡೆ ನೋಡಿದ. ಸಲಿಕೆ ತೆಗೆದುಕೊಂಡು ಬಾಗಿಲ ವಡ್ಡನ್ನು ತಾನೇ ಕಡಿದು ಹಾಕಿದ.

ಗ್ರಾಮಸಭೆಯ ದಿನ ಕೆಳಗಿನ ಓಣಿ ಬಂದದ್ದನ್ನು ನೋಡಿ ಮೆಂಬರ್ ಕೊಟ್ರೇಶನಿಗೆ ಗಾಬರಿಯಾಯಿತು. ಮುಂದೆ ವೀರಭದ್ರಮ್ಮ, ಮಗ್ಗುಲಲ್ಲಿ ಸುಗ್ರಾ ಬೇಗಂ, ಹಿಂದೆ ಒಬ್ಬರ ಮುಖ ಒಬ್ಬರು ನೋಡದ ಜನವೆಲ್ಲ ಒಟ್ಟಿಗೆ. ಸವಿತಾ ಹಿಂದಿನ ಸಾಲಿನಲ್ಲಿ ಕೂತಳು. ಹೇಳುವವರು ಅವರೇ ಹೇಳಲಿ ಎಂದು ಸುಮ್ಮನಿದ್ದಳು.

"ಮಳಿ ಈ ವರ್ಷ ಜಾಸ್ತಿ ಆಗ್ಯಾದಬೇ ಯವ್ವಾ. ದೇವರ ಮುಂದ ಯಾರ ಆಟ ನಡಿತದ?" ಎಂದು ಕೊಟ್ರೇಶ ಶುರು ಮಾಡಿದ.

"ದೇವರಿಗೆ ಯಾಕ ತರ್ತಿಯೋ? ಗಟಾರದ ಬಾಯಿಗೆ ಸಿಮೆಂಟ್ ಹಾಕಿದ್ದು ದೇವರೇನು?" ಎಂದಳು ವೀರಭದ್ರಮ್ಮ.

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಜನ ಪಿಡಿಒ ಮೇಡಂ ಎನ್ನುವವರು, ಕಾಗದ ತಿರುವಿದರು. "ನಿಮ್ಮ ಓಣಿಯ ಚರಂಡಿ ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಇಲ್ಲಮ್ಮ. ಸಭೆಯಲ್ಲಿ ಯಾರೂ ಕೇಳೇ ಇಲ್ಲ."

"ನಾವು ಸಭ್ಯಾಗ ಕೇಳಿಲ್ಲ, ಖರೆ. ತಪ್ಪಾತು. ಆದ್ರ ನಿಮ್ಮ ಮೆಂಬರ್ ದಿನಾ ನಮ್ಮ ಓಣ್ಯಾಗ ಪ್ಯಾಂಟ್ ಎತ್ತಿ ಹಿಡಕೊಂಡು ಹಾಯ್ತಾನಲ್ರಿ, ಅವಗ ನೀರು ಕಾಣಲಿಲ್ಲೇನು? ನೀರೇ ಬಂದು ಅರ್ಜಿ ಕೊಡಬೇಕಿತ್ತೇನು?" ಎಂದು ಅವಳೇ ಮತ್ತೆ ಕೇಳಿದಳು.

ಸಭೆಯಲ್ಲಿ ನಗೆ ಎದ್ದಿತು. ಕೊಟ್ರೇಶ ಬೆವರು ಒರೆಸಿಕೊಂಡ. ಆದರೆ ಮೇಡಂ ನಗಲಿಲ್ಲ. "ನಾನೂ ಒಂದು ಮಾತು ಕೇಳ್ತೀನಿ. ಹೂಳು ತೆಗೆಯಲು ಆಳು ಕಳಿಸಿದರೆ ಚರಂಡಿ ಎಲ್ಲಿದೆ ಅಂತ ಹುಡುಕಬೇಕು. ಎಲ್ಲರೂ ಅದರ ಮೇಲೆ ಪರಸಿ ಕಲ್ಲು ಹಾಸಿ ಕಟ್ಟೆ ಮಾಡ್ಕೊಂಡಿದ್ದೀರಿ. ಗಿರಣಿ ಹೊಟ್ಟು, ಪ್ಲಾಸ್ಟಿಕ್ಕು ಎಲ್ಲ ಅದರಲ್ಲೇ. ಅದನ್ನೂ ಪಂಚಾಯಿತಿ ಹಾಕಿತೇನು?"

ಎಲ್ಲರಿಗಿಂತ ದೊಡ್ಡ ಪರಸಿ ವೀರಭದ್ರಮ್ಮನದೇ. ಸಂಜೆ ಅದರ ಮೇಲೆ ಕೂತು ಊರ ಸುದ್ದಿ ಮಾತಾಡದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅವಳು ಎದ್ದು ನಿಂತಳು. "ನಾಳಿ ಮುಂಜಾನಿ ಮೊದಲು ನನ್ನ ಪರಸಿ ಏಳತದ. ನಿಮ್ಮ ರಸ್ತಾ ಎಂದು ಏಳತದ, ಅದನ್ನ ಹೇಳ್ರಿ ಮೇಡಂ. ಹೇಳಿದ್ದು ಬರೀರಿ. ಬರದದ್ದು ಓದಿ ಹೇಳ್ರಿ."

ಬರೆದರು. ಓದಿ ಹೇಳಿದರು. ಚರಂಡಿಯ ಹೂಳು ತೆಗೆಯುವುದು, ರಸ್ತೆ ಕಡಿದು ಕೆಳಗೆ ದೊಡ್ಡ ಪೈಪ್ ಹಾಕಿ ನೀರನ್ನು ಹಳ್ಳಕ್ಕೆ ಸೇರಿಸುವುದು.

ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿರೇನು? ಅಷ್ಟು ಸಲೀಸಾಗಿ ಮುಗಿದರೆ ಅದು ಪಂಚಾಯಿತಿಯ ಕೆಲಸ ಹೇಗಾದೀತು! ಓಣಿಯ ಪರಸಿಗಳು ಎದ್ದವು. ಗಿರಣಿಯವರು ಹೊಟ್ಟು ಸುರಿಯುವುದನ್ನು ನಿಲ್ಲಿಸಿದರು. ಬರಬೇಕಾದ ಜೆಸಿಬಿ ಬರಲಿಲ್ಲ. ಕೇಳಿದರೆ "ಡ್ರೈವರ್ ಇಲ್ಲ" ಅಂದರು. ಮತ್ತೆ ಕೇಳಿದರೆ "ಇಂಜಿನಿಯರ್ ಬರಬೇಕು" ಅಂದರು. ಇನ್ನೊಮ್ಮೆ ಕೇಳಿದರೆ ಕೊಟ್ರೇಶನ ಫೋನು ಬಂದ್ ಆಗಿತ್ತು. ವೀರಭದ್ರಮ್ಮನಿಗೆ ತಲೆ ಚಿಟ್ಟು ಹಿಡಿದು ಹೋಯಿತು.

"ಬಿಡು, ಇವರಿಗೆ ಹೇಳೂದು ಒಂದೇ, ಗೋಡಿಗೆ ಹೇಳೂದು ಒಂದೇ" ಎಂದು ಗಡಿಗೆಪ್ಪ ಕೈಚೆಲ್ಲಿದ.

"ಗೋಡಿ ಎಲ್ಲಿ ಅದ ಹೇಳಾಕ? ಬಿದ್ದದಲ್ಲ!" ಎಂದಳು ವೀರಭದ್ರಮ್ಮ. ಹಾಗೆ ಅಂದವಳೇ ಬುಟ್ಟಿ ತಂದಳು.

ಮರುದಿನ ಪಂಚಾಯಿತಿ ಕಚೇರಿಯ ಬಾಗಿಲು ತೆಗೆಯಲು ಬಂದವರಿಗೆ ಮೆಟ್ಟಿಲ ಮೇಲೆ ಮಣ್ಣಿನ ಗುಡ್ಡೆ ಕಂಡಿತು. ಅದರ ಒಂದು ಕಡೆ ವೀರಭದ್ರಮ್ಮ, ಇನ್ನೊಂದು ಕಡೆ ಸುಗ್ರಾ ಬೇಗಂ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಓಣಿಯ ಹೆಂಗಸರು ಇನ್ನೂ ಬುಟ್ಟಿ ಹೊತ್ತು ಬರುತ್ತಿದ್ದರು.

"ಏನಬೇ ಇದು?" ಎಂದ ಕೊಟ್ರೇಶ.

"ನಮ್ಮ ಗೋಡಿ. ನೀವು ನೋಡಾಕ ಬರಲಿಲ್ಲ, ಅದಕ್ಕ ಅದನ್ನ ನಿಮ್ಮಲ್ಲಿಗೆ ಕರಕೊಂಡು ಬಂದೀವಿ. ಇದರ ಬುಡಕ್ಕ ನನ್ನ ಮೊಮ್ಮಗಳು ಇದ್ದಳು, ಗೊತ್ತದೇನು? ಸುಗ್ರಾ ಒನಕಿ ಹಿಡೀದಿದ್ರ ಇವತ್ತು ನಾ ಮಣ್ಣು ತರತಿರಲಿಲ್ಲ, ಏನು ತರತಿದ್ದೆ ಅಂತ ನೀನೇ ತಿಳ್ಕೊ. ಜೆಸಿಬಿ ಬಂದ ದಿನ ಮಣ್ಣು ವಾಪಸ್ ಒಯ್ತೀವಿ. ಬರಲಿಲ್ಲಂದ್ರ ತಾಲೂಕು ಪಂಚಾಯತಿಗೆ ಇದೇ ಬುಟ್ಟಿ ಹೋಗತದ."

ಕೊಟ್ರೇಶ ಆ ಮಣ್ಣನ್ನೇ ನೋಡುತ್ತ ನಿಂತ. ಅವನ ಮನೆಯಲ್ಲೂ ಒಂದು ಕೂಸಿತ್ತು. ಫೋನು ತೆಗೆದು ಪಕ್ಕಕ್ಕೆ ಹೋದ. ಜೆಸಿಬಿ ಅದೇ ವಾರ ಬಂತು. ರಸ್ತೆ ಕಡಿದರು, ಪೈಪು ಇಳಿಸಿದರು, ಚರಂಡಿಯಿಂದ ಕರಿ ಹೂಳು ಎತ್ತಿ ಟ್ರಾಕ್ಟರಿಗೆ ತುಂಬಿದರು. ಗಡಿಗೆಪ್ಪ ಅಲ್ಲೇ ನಿಂತು, ಗದ್ದೆಯಲ್ಲಿ ಬೈಯುವ ಹಾಗೆಯೇ ಎಲ್ಲರನ್ನೂ ಬೈಯುತ್ತ ಕೆಲಸ ಮಾಡಿಸಿದ.

ಗೋಡೆಯನ್ನು ಎರಡು ಮನೆಯವರು ಸೇರಿ ಕಟ್ಟಿದರು. ಬುಡಕ್ಕೆ ಓಣಿಯಲ್ಲಿ ಎಬ್ಬಿಸಿದ ಪರಸಿ ಕಲ್ಲುಗಳನ್ನೇ ಹಾಕಿದರು. ವೀರಭದ್ರಮ್ಮನ ದೊಡ್ಡ ಪರಸಿ ಎಲ್ಲಕ್ಕಿಂತ ಕೆಳಗೆ ಹೋಯಿತು. ನಡುವೆ ಕಿಂಡಿ ಬಿಡುವುದನ್ನು ಯಾರೂ ಹೇಳಬೇಕಾಗಲಿಲ್ಲ.

ಗೋಡೆ ಒಣಗಿದ ಮೇಲೆ ಒಂದು ಮಧ್ಯಾಹ್ನ ಮತ್ತೆ ಮುಗಿಲು ಕಪ್ಪಾಯಿತು. ವೀರಭದ್ರಮ್ಮನ ಕೈ ತಾನಾಗಿಯೇ ಸಲಿಕೆಗೆ ಹೋಯಿತು.

"ಇಡು ಅದನ್ನ ಕೆಳಗ!" ಕಿಂಡಿಯಿಂದ ಸುಗ್ರಾ ಬೇಗಂ ಗದರಿದಳು. "ಹೊರಗ ನೋಡು."

ಹೊರಗೆ ಮಳೆ ಜಡಿಯುತ್ತಿತ್ತು. ಮೇಲಿನ ಓಣಿಯ ನೀರು ಬಂತು, ಗಿರಣಿಯ ನೀರು ಬಂತು, ಶಾಲೆಯ ಬಯಲಿನ ನೀರು ಬಂತು. ಬಂದದ್ದೆಲ್ಲ ಚರಂಡಿಯಲ್ಲಿ ಓಡಿ, ರಸ್ತೆಯ ಕೆಳಗೆ ನುಗ್ಗಿ, ಹಳ್ಳದ ಕಡೆ ಹೋಯಿತು. ಯಾರ ಬಾಗಿಲಿಗೂ ಬರಲಿಲ್ಲ.

ಒಳಗಿನಿಂದ ಸ್ವಪ್ನಾ ಕೇಳಿದಳು: "ಅತ್ತಿ, ಕೂಸಿನ ಮಂಚ ಎಲ್ಲಿ ಹಾಕ್ಲಿ?"

ವೀರಭದ್ರಮ್ಮ ಹೋಗಿ ಹೊಸ ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೋಡಿದಳು. ಮೇಲೆ, ಕೆಳಗೆ, ಮೂಲೆಯಲ್ಲಿ, ಎಲ್ಲ ಕಡೆ ಒತ್ತಿ ನೋಡಿದಳು. ಆಮೇಲೆ ಹೇಳಿದಳು:

"ಈ ಗೋಡಿಗೇ ಹಾಕು."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮಡಚಿಡಬೇಡಿ. ನಿಮ್ಮ ಮನೆಯಲ್ಲಿ ಮಗು ಮಲಗುವ ಗೋಡೆಯ ಬುಡವನ್ನು ಈಗಲೇ ಹೋಗಿ ಮುಟ್ಟಿ ನೋಡಿ. ಹಸಿಯಿದ್ದರೆ ಮೊದಲು ಮಗುವನ್ನು ಅಲ್ಲಿಂದ ಸರಿಸಿ. ಮಳೆ ನೀರಿಗೆ ದಾರಿ ಮಾಡುವುದು ನಿಮ್ಮ ಪಂಚಾಯಿತಿಯ, ಪುರಸಭೆಯ, ಪಾಲಿಕೆಯ ಕೆಲಸ. ಆ ದಾರಿಗೆ ಕಲ್ಲು, ಕಸ, ಹೊಟ್ಟು ಹಾಕದಿರುವುದು ನಮ್ಮ ಕೆಲಸ. ನೀವು ಚರಂಡಿ ಮುಚ್ಚಿದ್ದರೆ ಇವತ್ತೇ ತೆಗೆಯಿರಿ. ಅವರು ಮುಚ್ಚಿದ್ದರೆ ಓಣಿಯೆಲ್ಲ ಸೇರಿ ಸಭೆಗೆ ಹೋಗಿ ಕೇಳಿ, ಬರೆಸಿ, ಆಗುವ ತನಕ ಮತ್ತೆ ಮತ್ತೆ ಕೇಳಿ. ಬಾಗಿಲಿಗೆ ವಡ್ಡು ಹಾಕಿ ಪಕ್ಕದ ಮನೆಗೆ ನೀರು ಅಟ್ಟಬೇಡಿ. ಸಲಿಕೆ ಕೆಳಗಿಟ್ಟು, ಪಕ್ಕದ ಮನೆಯವರನ್ನು ಕರೆದುಕೊಂಡು ಪಂಚಾಯಿತಿಗೆ ನಡೆಯಿರಿ.